ಬಿಲ್ ಆದ ಮೇಲೆ ನೆನಪೆಂತಕ್ಕೆ?

ಅಮ್ಮ ಬೈಯಲಿಲ್ಲ. ಬಿಪಿ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ನನ್ನ ಊಟದ ಬಟ್ಟಲಿನ ಪಕ್ಕ ಇಟ್ಟು ಒಳಗೆ ಹೋದರು, ಅಷ್ಟೆ. ಹೋದ ವರ್ಷ ಆಟಿ ತಿಂಗಳು, ಜೋರು ಮಳೆಗಾಲ, ಶನಿವಾರ, ರಜೆ. ಅದಕ್ಕೂ ಮೂರು ದಿನ ಮೊದಲಿಂದ "ಮಗಾ, ಮಾತ್ರೆ ಮುಗೀತಾ ಬಂತು, ಬರುವಾಗ ತಾ" ಅಂತ ಹೇಳುತ್ತಲೇ ಇದ್ದರು. ನಾನೂ ಮೂರು ದಿನ "ಹ್ಞೂಂ" ಅಂದಿದ್ದೆ.

ತಮಾಷೆ ಏನೆಂದರೆ, ನಾನು ಮರೆತಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡುವಾಗ ನೆನಪಾಗುತ್ತಿತ್ತು, ಮಣಿಪಾಲದ ಆಫೀಸಿನಲ್ಲಿ ಮೀಟಿಂಗ್ ನಡುವೆ ನೆನಪಾಗುತ್ತಿತ್ತು, ರಾತ್ರಿ ಹನ್ನೊಂದೂವರೆಗೆ ದೀಪ ಆರಿಸಿದ ಮೇಲಂತೂ ಮಾತ್ರೆ, ಎಲ್‌ಐಸಿ ಕಂತು, ಕಳಿಸದೆ ಉಳಿದ ಮೇಲ್, ಎಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು. ಕಲ್ಸಂಕದಲ್ಲಿ ಬಸ್ಸಿಂದ ಇಳಿದು ಮೆಡಿಕಲ್ ಎದುರೇ ನಡೆದು ಹೋಗುವ ಆ ಐದು ನಿಮಿಷ ಮಾತ್ರ ತಲೆ ಖಾಲಿ.

ಸಂಜೆ ಕೊಡೆ ಹಿಡಿದು ಹೋಗಿ ಮಾತ್ರೆ ತಂದೆ. ಬರುವಾಗ ಮಳೆ ಎಷ್ಟು ಜೋರು ಅಂದರೆ ಕೊಡೆ ಇದ್ದೂ ಇಲ್ಲದ ಹಾಗೆ. ರಥಬೀದಿ ಹತ್ತಿರದ ಒಂದು ಹೋಟೆಲಿಗೆ ನುಗ್ಗಿದೆ. ನನ್ನ ಹಾಗೇ ಒದ್ದೆಯಾದವರು ತುಂಬ ಜನ ಇದ್ದರು. ಸಪ್ಲಯರ್ ಒಬ್ಬರೇ, ಐವತ್ತು ದಾಟಿದವರು, ಕೈಯಲ್ಲಿ ಪುಸ್ತಕವೂ ಇಲ್ಲ ಪೆನ್ನೂ ಇಲ್ಲ. ಎರಡು ಪ್ಲೇಟ್ ಗೋಳಿಬಜೆ, ಒಂದು ಬನ್ಸ್, ಮೂರು ಚಾ, ಅದರಲ್ಲಿ ಒಂದಕ್ಕೆ ಸಕ್ಕರೆ ಬೇಡ, ಮೂಲೆಯವರಿಗೆ ದೋಸೆ ಗರಿಗರಿ ಬೇಕು. ಒಂದೂ ತಪ್ಪಲಿಲ್ಲ. ನನಗೆ ಹೊಟ್ಟೆಕಿಚ್ಚೇ ಆಯಿತು. ಮೂಲೆಯವರು ಎದ್ದು ಹೋದ ಮೇಲೆ ಸುಮ್ನೆ ಕೇಳಿದೆ, "ಅಣ್ಣ, ಅವರು ಎಂತೆಲ್ಲ ತಿಂದದ್ದು?"

ಅವರು ಒಂದು ಕ್ಷಣ ಆ ಮೇಜಿನ ಕಡೆ ನೋಡಿದರು. ಆಮೇಲೆ ನಕ್ಕರು. "ಅವರ ಬಿಲ್ ಆಯ್ತಲ್ಲ ಮಾರಾಯ್ರೆ, ಇನ್ನು ನಂಗೆ ನೆನಪೆಂತಕ್ಕೆ?"

ರಾತ್ರಿ ಇದೇ ತಲೆಯಲ್ಲಿಟ್ಟುಕೊಂಡು ಹುಡುಕಿದರೆ, 1927ರಲ್ಲೇ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ಇದರ ಬಗ್ಗೆ ಬರೆದಿದ್ದಾರೆ. ಬರ್ಲಿನ್‌ನಲ್ಲಿ ಜನರಿಗೆ ಸಣ್ಣ ಸಣ್ಣ ಕೆಲಸ ಕೊಟ್ಟು ಕೆಲವನ್ನು ಅರ್ಧಕ್ಕೇ ನಿಲ್ಲಿಸಿದರಂತೆ. ಮುಗಿದದ್ದಕ್ಕಿಂತ ಅರ್ಧ ಉಳಿದದ್ದೇ ಜಾಸ್ತಿ ನೆನಪಿತ್ತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಪ್ರತಿ ಸಲ ಹಾಗೇ ಬಂದಿಲ್ಲ ಅನ್ನುವುದೂ ಉಂಟು. ನನಗೆ ಹಿಡಿಸಿದ್ದು 2018ರ ಇನ್ನೊಂದು ಪ್ರಯೋಗ. ಅಮೆರಿಕದಲ್ಲಿ 57 ಮಂದಿಯನ್ನು ಲ್ಯಾಬಿನಲ್ಲಿ ಮಲಗಿಸುವ ಮೊದಲು 5 ನಿಮಿಷ ಬರೆಸಿದರು, ಅರ್ಧ ಜನರಿಂದ ಮುಗಿಸಿದ ಕೆಲಸ, ಅರ್ಧ ಜನರಿಂದ ಮುಂದೆ ಮಾಡಬೇಕಾದ್ದು. ಮಾಡಬೇಕಾದ್ದನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ಅದರಲ್ಲೂ ಬಿಡಿಸಿ ಬಿಡಿಸಿ ಬರೆದವರಿಗೆ ಇನ್ನೂ ಬೇಗ. ನಾನು ಉಲ್ಟಾ ಅಂದುಕೊಂಡಿದ್ದೆ, ನಾಳೆಯದ್ದನ್ನು ಬರೆದರೆ ಇದ್ದ ನಿದ್ದೆಯೂ ಹೋಗ್ತದೆ ಅಂತ.

ಸೋಮವಾರದಿಂದ ಶುರು ಮಾಡಿದೆ. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಬರೆಯುವುದು. ಮೊದಲ ದಿನ ಉತ್ಸಾಹದಲ್ಲಿ ಹತ್ತೊಂಬತ್ತು ಕೆಲಸ ಬರೆದು, ಅದನ್ನು ನೋಡಿಯೇ ಸುಸ್ತಾಯಿತು. ಈಗ ನಾಲ್ಕು, ಜಾಸ್ತಿ ಅಂದರೆ ಐದು. "ಎಲ್‌ಐಸಿ" ಅಂತ ಬರೆದರೆ ಕೆಲಸ ಆಗುವುದಿಲ್ಲ, "ಎಲ್‌ಐಸಿ, ಚಾ ಕುಡಿಯುವ ಮೊದಲು, ಫೋನಿನಲ್ಲಿ" ಅಂತ ಬರೆದರೆ ಆಗ್ತದೆ, ಯಾಕೋ. ಆಫೀಸಿನಿಂದ ಏಳುವ ಮೊದಲು ಒಮ್ಮೆ, ಮಲಗುವ ಮೊದಲು ಒಮ್ಮೆ. ಫೋನಿನಲ್ಲಿ ಯಾಕೆ ಬರೆಯುವುದಿಲ್ಲ ಅಂತ ಗೆಳೆಯರು ಕೇಳ್ತಾರೆ. ಫೋನ್ ತೆಗೆದರೆ ನಾನು ಅಲ್ಲೇ ಅರ್ಧ ಗಂಟೆ ಕಳೆದುಹೋಗುವವ, ಅದಕ್ಕೆ.

ಕಷ್ಟ ಇಲ್ಲ ಅಂತಲ್ಲ. ಒಮ್ಮೆ ಅಂಗಿ ಕಿಸೆಯಲ್ಲಿದ್ದ ಚೀಟಿ ಮಳೆಯಲ್ಲಿ ನೆನೆದು ಶಾಯಿ ಎಲ್ಲ ಅಂಗಿಗೇ ಹತ್ತಿತು. ಈಗ ಪೆನ್ಸಿಲ್. ಎರಡು ವಾರ ಬಿಟ್ಟೇ ಬಿಟ್ಟಿದ್ದೆ, ಆಗ ಮತ್ತೆ ಹನ್ನೊಂದೂವರೆಯ ಮೆರವಣಿಗೆ.

ಚೀಟಿಯನ್ನು ರಾತ್ರಿ ಫ್ರಿಜ್ಜಿನ ಮೇಲೆ ಇಡುತ್ತೇನೆ. ಮೊನ್ನೆ ಬೆಳಿಗ್ಗೆ ನೋಡಿದರೆ ನನ್ನ ನಾಲ್ಕರ ಕೆಳಗೆ ಅಮ್ಮನ ಅಕ್ಷರ: "5. ಕುಚ್ಚಲಕ್ಕಿ. ಬರುವಾಗ, ಕಲ್ಸಂಕದಲ್ಲಿ, ಇಳಿದ ಕೂಡಲೇ."