ಮಣ್ಣು ತೆಗೆದ ಗುಂಡಿಯಲ್ಲಿ ಒಂದು ಭಾನುವಾರ

"ಮಾವ, ಭಾನುವಾರ ಬೇಸ್‌ಬಾಲ್ ನೋಡೋಕೆ ಹೋಗೋಣ್ವಾ?" ಎಂದು ಅಳಿಯಂದಿರು ಕೇಳಿದಾಗ ನಾನು ಅಣೆಕಟ್ಟೆ ನೋಡುತ್ತಾ ಕೂತಿದ್ದೆ. ಟಿವಿಯಲ್ಲಿ. ಅದು 2017ರ ಏಪ್ರಿಲ್ ತಿಂಗಳು. ಮಗಳ ಮನೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಆ ಫೆಬ್ರವರಿಯಲ್ಲಿ ಉತ್ತರದ ಒರೊವಿಲ್ ಅಣೆಕಟ್ಟೆಯ ಕೋಡಿ ಕಿತ್ತುಕೊಂಡು ಹೋಗಿ, ಕೆಳಗಿನ ಊರುಗಳ ಸುಮಾರು 1,88,000 ಜನರನ್ನು ಮನೆ ಬಿಡಿಸಿದ್ದರು. ಆ ವಿಡಿಯೋಗಳನ್ನು ನಾನು ದಿನಕ್ಕೆರಡು ಸಲ ಹಾಕಿಕೊಂಡು ನೋಡುತ್ತಿದ್ದೆ. ಕೆರೆ ಕೆಲಸ ಮಾಡಿಸಿಕೊಂಡೇ ರಿಟೈರ್ ಆದ ಇಂಜಿನಿಯರ್ ನಾನು. ಕೋಡಿ ಒಡೆದರೆ ಕಣ್ಣು ಬೇರೆ ಕಡೆ ಹೋಗಲ್ಲ.

"ಬೇಸ್‌ಬಾಲ್ ನನಗೆ ಅರ್ಥ ಆಗಲ್ಲ, ನೀವು ಮಗೂನ ಕರ್ಕೊಂಡು ಹೋಗಿ" ಎಂದೆ.

"ಆಟ ಬಿಡಿ ಮಾವ. ಆ ಮೈದಾನ ನೀವು ನೋಡಬೇಕು. ಅದು ಒಂದು ಬಾರೋ ಪಿಟ್."

ಟಿವಿ ಆರಿಸಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಕೆರೆ ಏರಿಗೋ ರಸ್ತೆಗೋ ಮಣ್ಣು ಬೇಕಾದಾಗ ಪಕ್ಕದಲ್ಲೇ ಅಗೆದು ತೆಗೆಯುತ್ತಾರಲ್ಲ, ಆ ಗುಂಡಿಗೆ ನಾವು ಬಾರೋ ಪಿಟ್ ಎನ್ನುತ್ತೇವೆ. ಹಳ್ಳಿಯ ಮೇಸ್ತ್ರಿಗಳ ಬಾಯಲ್ಲೂ ಅದೇ ಮಾತು. ಅಳತೆ ಮುಗಿದು ಬಿಲ್ ಪಾಸಾದ ಮೇಲೆ ಆ ಗುಂಡಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಮಳೆಗಾಲದಲ್ಲಿ ಎಮ್ಮೆ ಬಿದ್ದುಕೊಳ್ಳುತ್ತವೆ, ಬೇಸಿಗೆಯಲ್ಲಿ ಜಾಲಿ ಬೆಳೆಯುತ್ತದೆ. ಅಂಥ ಗುಂಡಿಗೆ ಟಿಕೆಟ್ ತಗೊಂಡು ಹೋಗುವುದು ನನ್ನ ಜನ್ಮದಲ್ಲಿ ಅದೇ ಮೊದಲು.

ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ಸನ್ನಿವೇಲ್‌ನಿಂದ ದೂರವೇನಲ್ಲ. ಎಲ್ ಕಮಿನೋ ರಸ್ತೆ ಬಿಟ್ಟು ಒಳಗೆ ತಿರುಗಿದ ಕೂಡಲೇ ನೀಲಗಿರಿ ಮರಗಳು. ಕಾರಿನಿಂದ ಇಳಿದಾಗ ಬಡಿದ ವಾಸನೆಗೆ ಒಂದು ಗಳಿಗೆ ಚಿಂತಾಮಣಿ ರಸ್ತೆಯಲ್ಲಿ ನಿಂತ ಹಾಗೆ ಆಯಿತು. ಇದೂ ನಮ್ಮಲ್ಲಿಯ ಹಾಗೆ ಆಸ್ಟ್ರೇಲಿಯಾದಿಂದ ತಂದು ನೆಟ್ಟ ಮರವೇ. ನಮ್ಮ ಕಡೆ ಮೊದಲು ನೆಡಿಸಿದ್ದು ಟಿಪ್ಪು, ನಂದಿಬೆಟ್ಟದಲ್ಲಿ, ಅಂತ ಹೇಳುತ್ತಾರೆ. ಕೋಲಾರದ ಕಡೆಯ ರೈತರನ್ನು ಕೇಳಿದರೆ ಈ ಮರದ ಬಗ್ಗೆ ಬೈಗುಳ ಬಿಟ್ಟು ಬೇರೇನೂ ಬರಲ್ಲ. ಇಲ್ಲಿ ಅದರ ನೆರಳಲ್ಲಿ ಜನ ಮಡಚುವ ಕುರ್ಚಿ ಹಾಕಿಕೊಂಡು ತಿನ್ನುತ್ತಾ ಕೂತಿದ್ದರು. ನಾವೂ ಒಂದು ಬೆಡ್‌ಶೀಟ್ ಹಾಸಿ ಮಗಳು ಕಟ್ಟಿಕೊಟ್ಟ ಚಿತ್ರಾನ್ನ ತಿಂದೆವು. ಪಕ್ಕದವರ ನಾಯಿ ಬಂದು ಕಡಲೆಬೀಜ ಮಾತ್ರ ಆರಿಸಿ ತಿಂದು ಹೋಯಿತು.

ತಿನ್ನುತ್ತಲೇ ಅಳಿಯಂದಿರು ಕಥೆ ಹೇಳಿದರು. 1921ರಲ್ಲಿ ಸ್ಟ್ಯಾನ್‌ಫರ್ಡ್‌ನವರಿಗೆ ದೊಡ್ಡ ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಂ ಬೇಕಾಯಿತು. ಕೊಲ್ಲಿಯ ಆಚೆ ದಡದ ಬರ್ಕ್ಲಿ ಯೂನಿವರ್ಸಿಟಿಯವರೂ ಕಟ್ಟುವ ಯೋಚನೆಯಲ್ಲಿದ್ದರು. ಅವರಿಗಿಂತ ಮೊದಲು ನಮ್ಮದಾಗಬೇಕು ಅನ್ನುವ ಹಠ. ಕಾಂಕ್ರೀಟ್ ಕಟ್ಟಡ ಏಳಿಸುತ್ತಾ ಕೂತರೆ ಹೊತ್ತಾಗುತ್ತದೆ ಅಂತ ಮಣ್ಣಿನ ಏರಿಯನ್ನೇ ಸುತ್ತಲೂ ಬಟ್ಟಲಿನ ಹಾಗೆ ಎಬ್ಬಿಸಿ, ಅದರ ಇಳಿಜಾರಿನ ಮೇಲೆ ಮರದ ಬೆಂಚು ಕೂರಿಸಿದರು. ಮಣ್ಣು ಕೆರೆಯಲು ಕುದುರೆ ಕಟ್ಟಿ ಎಳೆಸಿದರು. ಸುಮಾರು ಐದು ತಿಂಗಳಲ್ಲಿ 60,000 ಜನ ಕೂರುವ ಸ್ಟೇಡಿಯಂ ಎದ್ದಿತು. ಅದೇ ವರ್ಷ ನವೆಂಬರ್ 19ಕ್ಕೆ ಮೊದಲ ಪಂದ್ಯ, ಬರ್ಕ್ಲಿಯವರ ಮೇಲೆಯೇ. 42–7ರಲ್ಲಿ ಸೋತರು. ಹೊಸ ಮನೆ ಗೃಹಪ್ರವೇಶಕ್ಕೆ ಕರೆದು ಬೀಗರ ಕೈಯಲ್ಲಿ ಬೈಸಿಕೊಂಡ ಹಾಗೆ.

ಐದು ತಿಂಗಳು! ನಾನು ಒಂದು ಸಣ್ಣ ಕೆರೆಯ ಏರಿಯನ್ನು ಎರಡು ಬೇಸಿಗೆ ದಾಟಿಸಿ ಮೂರನೇ ಬೇಸಿಗೆಯಲ್ಲಿ ಮುಗಿಸಿದವನು. ಸುಮ್ನೆ ತಲೆ ಕೆಳಗೆ ಹಾಕಿ ಚಿತ್ರಾನ್ನ ತಿಂದೆ.

ಆ ಏರಿಗೆ ಬೇಕಾದ ಮಣ್ಣು ತೆಗೆದ ಗುಂಡಿಯಲ್ಲೇ 1931ರಲ್ಲಿ ಬೇಸ್‌ಬಾಲ್ ಮೈದಾನ ಮಾಡಿದರು. ಹೆಸರೂ ಅದಕ್ಕೇ ಸಂಕನ್ ಡೈಮಂಡ್, ತಗ್ಗಿನಲ್ಲಿರುವ ಡೈಮಂಡ್. ಓಡುವವರು ಮುಟ್ಟಿಕೊಂಡು ಹೋಗುವ ನಾಲ್ಕು ಗುರುತುಗಳನ್ನು, ಅಂದರೆ ಬೇಸುಗಳನ್ನು, ಗೆರೆಯಲ್ಲಿ ಸೇರಿಸಿದರೆ ಇಸ್ಪೀಟಿನ ಡೈಮಂಡ್ ಆಕಾರ ಬರುತ್ತದಲ್ಲ, ಅದು. 2008ರಿಂದ ದಾನಿಗಳ ಹೆಸರು ಸೇರಿ ಕ್ಲೈನ್ ಫೀಲ್ಡ್ ಅಂತಲೂ ಆಗಿದೆ. ಜನರ ಬಾಯಲ್ಲಿ ಇರುವುದು ಸಂಕನ್ ಡೈಮಂಡೇ. ಗುಂಡಿ ಅನ್ನುವುದನ್ನು ಹೆಸರಲ್ಲೇ ಇಟ್ಟುಕೊಂಡು ಮೆರೆಯುವುದಕ್ಕೂ ಒಂದು ಧೈರ್ಯ ಬೇಕು.

ಸಾಮಾನ್ಯವಾಗಿ ಸ್ಟೇಡಿಯಂ ಅಂದರೆ ಹತ್ತಬೇಕು. ಇಲ್ಲಿ ಇಳಿಯಬೇಕು. ಗೇಟು ರಸ್ತೆಯ ಮಟ್ಟದಲ್ಲೇ ಇದೆ. ಒಳಗೆ ಬಂದರೆ ಕಾಲ ಕೆಳಗೆ ಸೀಟುಗಳ ಸಾಲು ಮೆಟ್ಟಿಲಾಗಿ ಇಳಿದುಹೋಗುತ್ತದೆ, ತಳದಲ್ಲಿ ಹಸಿರು. ಕಲ್ಯಾಣಿಯ ಮೇಲೆ ನಿಂತು ನೀರು ನೋಡಿದ ಹಾಗೆ. ಒಟ್ಟು 4,000 ಸೀಟು, ಅಷ್ಟೇ. ಪಕ್ಕದ ಫುಟ್‌ಬಾಲ್ ಸ್ಟೇಡಿಯಂ ಈಗ 50,000 ಜನರದ್ದು. ಹಳೆಯದನ್ನು 2005ರ ಕೊನೆಯಲ್ಲಿ ಕೆಡವಿ 2006ರ ಸೆಪ್ಟೆಂಬರಿಗೆ ಹೊಸದನ್ನು ಎಬ್ಬಿಸಿದರು. ಈ ಊರಿನವರಿಗೆ ಸ್ಟೇಡಿಯಂ ಕಟ್ಟುವಾಗ ಮಾತ್ರ ಏನೋ ಅರ್ಜೆಂಟು. ಅಂತೂ ಗುಂಡಿಯ ಮಣ್ಣಿನಿಂದ ಎದ್ದದ್ದು ಹೋಗಿ ಬೇರೆ ಬಂತು, ಗುಂಡಿ ಮಾತ್ರ ಇದ್ದಲ್ಲೇ ಇದೆ.

ಅಳಿಯಂದಿರು ಮೂರನೇ ಬೇಸಿನ ಕಡೆ ಸೀಟು ಹಿಡಿದರು. ಆಟ ಶುರುವಾಯಿತು. ನಾನು ಮೈದಾನ ನೋಡಲು ಶುರು ಮಾಡಿದೆ.

ನಡುವೆ ಒಂದು ಮಣ್ಣಿನ ದಿಬ್ಬ. ಚೆಂಡು ಎಸೆಯುವವನು ನಿಲ್ಲುವ ಜಾಗ. ಎತ್ತರ 10 ಇಂಚು. ಅಲ್ಲಿಂದ ಬ್ಯಾಟು ಹಿಡಿದವನ ತಟ್ಟೆಗೆ 60 ಅಡಿ 6 ಇಂಚು. ಬೇಸಿನಿಂದ ಬೇಸಿಗೆ 90 ಅಡಿ. ದೊಡ್ಡವರ ಆಟದಲ್ಲಿ ಇವು ಎಲ್ಲ ಕಡೆಯೂ ಒಂದೇ. ಬೇಲಿಯ ದೂರ ಮಾತ್ರ ಮೈದಾನಕ್ಕೊಂದು ಥರ. ಇಲ್ಲಿ ಎರಡು ಬದಿಗೆ 335 ಅಡಿ, ನಡುವೆ 400. ಬೇಲಿಯ ಉದ್ದಕ್ಕೂ ಹುಲ್ಲಿಲ್ಲದ ಒಂದು ಮಣ್ಣಿನ ಪಟ್ಟಿ. ಮೇಲೆ ನೋಡುತ್ತಾ ಹಿಂದಕ್ಕೆ ಓಡುವ ಹುಡುಗನಿಗೆ ಕಾಲ ಕೆಳಗೆ ಹುಲ್ಲು ಹೋಗಿ ಮಣ್ಣು ಸಿಕ್ಕಿದರೆ ಬೇಲಿ ಬಂತು ಅಂತ ಅರ್ಥ. ಕಣ್ಣಿನ ಕೆಲಸವನ್ನು ಪಾದಕ್ಕೆ ಕೊಟ್ಟ ಈ ಉಪಾಯ ನನಗೆ ಬಹಳ ಹಿಡಿಸಿತು. ಆಟಗಾರರು ಕೂರುವ ಡಗೌಟ್ ಮೈದಾನಕ್ಕಿಂತ ಇನ್ನೊಂದು ಹೆಜ್ಜೆ ತಗ್ಗಿನಲ್ಲಿತ್ತು. ಗುಂಡಿಯೊಳಗೊಂದು ಗುಂಡಿ.

ಆದರೆ ಕಣ್ಣು ತಿರುತಿರುಗಿ ಆ ದಿಬ್ಬಕ್ಕೇ ಹೋಗುತ್ತಿತ್ತು. ಅದಕ್ಕೆ ಕಾರಣ ಇದೆ.

ಬಾರೋ ಪಿಟ್ ಅಗೆಯುವಾಗ ನಡುನಡುವೆ ಸ್ವಲ್ಪ ನೆಲವನ್ನು ಅಗೆಯದೆ ಹಾಗೇ ಬಿಡಿಸುತ್ತೇವೆ. ಸುತ್ತ ಮಣ್ಣೆಲ್ಲ ಹೋದ ಮೇಲೆ ಅದು ಗುಡ್ಡೆಯಾಗಿ ನಿಲ್ಲುತ್ತದೆ. ತಲೆಯ ಮೇಲೆ ಹಳೇ ನೆಲದ ಹುಲ್ಲು ಹಾಗೇ ಇರುತ್ತದೆ. ಎಷ್ಟು ಆಳ ಅಗೆದರು ಅನ್ನುವುದಕ್ಕೆ ಅದೇ ಸಾಕ್ಷಿ. ಅದರ ಎತ್ತರ ಅಳೆದು ಎಂಬಿ ಬುಕ್ಕಿನಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆಯುವುದು, ಆಮೇಲೆ ದುಡ್ಡು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಗುತ್ತಿಗೆದಾರ ನನಗೆ ಟೋಪಿ ಹಾಕಿದ್ದ. ರಾತ್ರೋರಾತ್ರಿ ಗುಡ್ಡೆಗಳ ಮೇಲೆ ಒಂದೊಂದು ಅಡಿ ಮಣ್ಣು ಮೆತ್ತಿಸಿ, ಮೇಲೆ ಹುಲ್ಲಿನ ಹೆಂಟೆ ಕೂರಿಸಿಬಿಟ್ಟಿದ್ದ. ನಾನು ಟೇಪು ಹಿಡಿದು ಶ್ರದ್ಧೆಯಿಂದ ಅಳೆದು ಬರೆದುಕೊಂಡೆ. ವಾಪಸ್ ಹೊರಟಾಗ ಹಳೇ ಕಾಲದ ಮೇಸ್ತ್ರಿಯೊಬ್ಬರು ಏನೂ ಮಾತಾಡದೆ ಒಂದು ಗುಡ್ಡೆಯನ್ನು ಕಾಲಿನಿಂದ ಒದ್ದರು. ಟೋಪಿ ಕಳಚಿ ಬಿತ್ತು. ಒಳಗೆ ನಿಜವಾದ ಹುಲ್ಲು ಹಳದಿಯಾಗಿ ಮಲಗಿತ್ತು. "ಬೇರು ನೋಡ್ಬೇಕು ಸಾ" ಎಂದಷ್ಟೇ ಹೇಳಿದರು. ಅವತ್ತು ಎಂಬಿ ಹಾಳೆಯ ಮೇಲೆ ಗೀಟು ಎಳೆದು ಹೊಸದಾಗಿ ಬರೆಯುವಾಗ ನನ್ನ ಕಿವಿ ಬಿಸಿಯಾಗಿತ್ತು.

"ಅದು ಮೊದಲಿಂದ ಇದ್ದ ಗುಡ್ಡೆನೋ, ಮೇಲಿಂದ ಹಾಕಿದ್ದೋ?" ಎಂದು ಕೇಳಿದೆ.

"ಹಾಕಿದ್ದೇ ಮಾವ. ಜೇಡಿ ಮಣ್ಣು ತಂದು ಪದರ ಪದರವಾಗಿ ಕಟ್ಟುತ್ತಾರೆ. ಮುಂಚೆ 15 ಇಂಚು ಇತ್ತು. ಎಸೆಯೋರಿಗೆ ಅನುಕೂಲ ಜಾಸ್ತಿ ಆಯ್ತು ಅಂತ ಪ್ರೊಫೆಷನಲ್ ಆಟದಲ್ಲಿ 1969ರಿಂದ 10 ಇಂಚಿಗೆ ಇಳಿಸಿದರು."

ಅಂದರೆ ಇಲ್ಲೂ ಐದು ಇಂಚಿನ ಟೋಪಿ ಯಾರೋ ಒದ್ದು ಬೀಳಿಸಿದ್ದಾರೆ. ನನಗೆ ನಗು ಬಂತು. ಅಷ್ಟರಲ್ಲಿ ಮೈದಾನದಲ್ಲಿ ಏನೋ ಆಗಿ ಎಲ್ಲರೂ ಎದ್ದು ನಿಂತು ಕೂಗಿದರು. ನಾನೂ ಎದ್ದು ನಿಂತೆ. ಮೊಮ್ಮಗ, "ತಾತ, ಅದು ಬೇರೆ ಟೀಮಿನ ಔಟಲ್ಲ, ನಮ್ಮದು" ಎಂದು ನನ್ನ ಪಂಚೆ ಎಳೆದ. ಹೌದು, ಪಂಚೆಯಲ್ಲೇ ಹೋಗಿದ್ದೆ. ಯಾರೂ ಏನೂ ಅನ್ನಲಿಲ್ಲ.

ಬ್ಯಾಟಿನ ಸದ್ದಿನ ಬಗ್ಗೆ ಹೇಳಲೇಬೇಕು. ಕಾಲೇಜು ಆಟದಲ್ಲಿ ಬ್ಯಾಟು ಮರದ್ದಲ್ಲ, ಲೋಹದ್ದು. ಚೆಂಡು ತಗುಲಿದರೆ ಟಣ್ ಅನ್ನುತ್ತದೆ, ಖಾಲಿ ಬಿಂದಿಗೆಗೆ ಕಲ್ಲು ಹೊಡೆದ ಹಾಗೆ. ತಗ್ಗಿನ ಜಾಗವಾದ್ದರಿಂದ ಆ ಟಣ್ ಸುತ್ತಲೂ ಸುತ್ತಿ ನಿಧಾನ ಮೇಲೇರಿ ಹೋಗುತ್ತದೆ. ಹೊರಗಿನ ರಸ್ತೆಯ ಸದ್ದು ಒಳಗೆ ಬರುವುದಿಲ್ಲ. ಬೇಲಿಯ ಆಚೆ ಬರೀ ಮರಗಳ ತಲೆ. ಮೂರು ಗಂಟೆ ಕೂತರೂ ಊರಿನ ನಡುವೆ ಇದ್ದೇವೆ ಅನ್ನಿಸಲಿಲ್ಲ.

ಕೆಂಪು ಟೋಪಿಯ ಒಬ್ಬ ಹಿರಿಯರನ್ನು ಅಳಿಯಂದಿರು ತೋರಿಸಿದರು. ಕೋಚ್ ಮಾರ್ಕ್ ಮಾರ್ಕೆಸ್. ಇಲ್ಲೇ ಓದಿ, ಇಲ್ಲೇ ಆಡಿ, 1977ರಿಂದ ಇಲ್ಲೇ ಕೋಚ್ ಆಗಿದ್ದವರು. ಅದು ಅವರ 41ನೇ ಸೀಸನ್, ಅದೇ ಕೊನೆಯದೂ. 1987, 1988, ಸಾಲಾಗಿ ಎರಡು ವರ್ಷ ದೇಶದ ಕಾಲೇಜು ಚಾಂಪಿಯನ್‌ಶಿಪ್ ಗೆಲ್ಲಿಸಿದವರು. ಆ ದಿಬ್ಬದ ಮೇಲಿಂದ ಎಸೆದು ಮುಂದೆ ದೊಡ್ಡ ಹೆಸರು ಮಾಡಿದ ಮೈಕ್ ಮುಸೀನಾ, ಜಾಕ್ ಮೆಕ್‌ಡೊವೆಲ್ ಎಲ್ಲ ಅವರ ಹುಡುಗರು. 41 ವರ್ಷ ಒಂದೇ ಗುಂಡಿಯಲ್ಲಿ! ನನ್ನ ಸರ್ವಿಸಿನಲ್ಲಿ ಟ್ರಾನ್ಸ್‌ಫರ್ ಆಗದೆ ನಾನು ಒಂದು ಕಡೆ ಕೂತದ್ದು ಹೆಚ್ಚೆಂದರೆ ನಾಲ್ಕು ವರ್ಷ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ನನ್ನ ತಲೆಯಲ್ಲೇ ಕೊರೆಯುತ್ತಿತ್ತು. ಇದು ಗುಂಡಿ. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಎಂಥ ಮಳೆ ಅಂದರೆ, ವರ್ಷಗಟ್ಟಲೆಯ ಬರ ಮುಗಿಯಿತು ಅಂತ ಗವರ್ನರ್ ಆಗಷ್ಟೇ ಘೋಷಿಸಿದ್ದರು. ಆ ನೀರೆಲ್ಲ ಈ ತಗ್ಗಿಗೆ ಇಳಿದು ಕೆರೆಯಾಗಬೇಕಿತ್ತು, ಅಲ್ವಾ? ಇನ್ನಿಂಗ್ಸ್ ನಡುವೆ ಎದ್ದು ಗೇಟಿನಲ್ಲಿ ನಿಂತಿದ್ದ ವಯಸ್ಸಾದ ಟಿಕೆಟ್ ನೋಡುವವರ ಹತ್ತಿರ ಹೋಗಿ ನನ್ನ ಇಂಗ್ಲಿಷಿನಲ್ಲಿ ಕೇಳಿದೆ. ಅವರು ಇಷ್ಟಗಲ ಕಣ್ಣು ಬಿಟ್ಟು, ಇಷ್ಟು ವರ್ಷದಲ್ಲಿ ಟಾಯ್ಲೆಟ್ ಎಲ್ಲಿ ಅಂತ ಕೇಳಿದವರಿದ್ದಾರೆ, ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದವರು ನೀವೇ ಮೊದಲು ಎಂದರು. ಆಮೇಲೆ ಕೈ ಕುಲುಕಿದರು.

ವಾಪಸ್ ಬಂದು ಕೂತಾಗ ನಮ್ಮ ಬೆಂಗಳೂರು ನೆನಪಾಯಿತು. ಅದೇ ಜನವರಿಯಲ್ಲಿ ಚಿನ್ನಸ್ವಾಮಿಯಲ್ಲಿ ನೆಲದ ಕೆಳಗಿನಿಂದಲೇ ನೀರು ಹೀರಿ ತೆಗೆಯುವ ಸಬ್‌ಏರ್ ಯಂತ್ರ ಕೂರಿಸಿದ್ದರು. ಅದು ಸರಿ. ಆದರೆ ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯಲ್ಲಿ. ಇವರು ಅಗೆದ ಗುಂಡಿಯನ್ನು ಮುಚ್ಚದೆ ಅದರ ತಳದಲ್ಲಿ ಹುಲ್ಲು ಬೆಳೆಸಿದರು. ನಾವು ನೀರಿಗಾಗಿಯೇ ಕಟ್ಟಿದ ಕೆರೆಗಳನ್ನು ಮುಚ್ಚಿ ಮೇಲೆ ಓಡಾಡುತ್ತಿದ್ದೇವೆ. ಕೆರೆ ಕೆಲಸದ ಮನುಷ್ಯನಿಗೆ ಇದು ಹೊಟ್ಟೆ ಉರಿಯುವ ಮಾತು. ಅಳಿಯಂದಿರಿಗೆ ಹೇಳಲು ಹೋದೆ, ಅವರು ಆಟದಲ್ಲಿ ಮುಳುಗಿದ್ದರು.

ಐದನೇ ಇನ್ನಿಂಗ್ಸ್ ಮುಗಿದಾಗ ನಾಲ್ಕು ಹುಡುಗರು ಬಂದು ಬೇಸುಗಳ ನಡುವಿನ ಮಣ್ಣಿನ ಮೇಲೆ ಕಬ್ಬಿಣದ ಬಲೆಯಂಥದ್ದನ್ನು ಎಳೆದರು. ನಾವು ಗದ್ದೆಯಲ್ಲಿ ಕೊರಡು ಎಳೆಯುವುದಿಲ್ಲವೇ, ಅದೇ ಕೆಲಸ. ಆಮೇಲೆ ಪೈಪು ಹಿಡಿದು ತೆಳ್ಳಗೆ ನೀರು ಹೊಡೆದರು. ಒಣಗಿದ್ದ ಇಟ್ಟಿಗೆ ಬಣ್ಣ ಒಮ್ಮೆಗೇ ಕಡು ಕೆಂಪಾಯಿತು. ನೀರು ನಿಲ್ಲಲಿಲ್ಲ, ಕೆಸರೂ ಆಗಲಿಲ್ಲ, ಒಳಗೆ ಹೋಯಿತು. ಆ ಮಣ್ಣನ್ನು ಒಂದು ಸಲ ಅಂಗೈಯಲ್ಲಿ ಹಾಕಿಕೊಂಡು ನೋಡಬೇಕು ಅನ್ನಿಸಿತು. ಬೇಲಿ ಹಾರುವ ವಯಸ್ಸಲ್ಲ.

ಆಟ ಮುಗಿದ ಮೇಲೆ ಮಕ್ಕಳನ್ನು ಮೈದಾನಕ್ಕೆ ಬಿಟ್ಟರು. ಬೇಸಿನಿಂದ ಬೇಸಿಗೆ ಓಡಿ ಒಂದು ಸುತ್ತು ಬರಬಹುದು. ಮೊಮ್ಮಗ ಎರಡನೇ ಬೇಸಿನ ಹತ್ತಿರ ದೊಡ್ಡ ಆಟಗಾರರ ಹಾಗೆ ಜಾರಲು ಹೋಗಿ ಬೋರಲು ಬಿದ್ದ. ಎದ್ದು, ಅತ್ತೂ ಅಳದ ಹಾಗೆ ಮಾಡಿ, ಮತ್ತೆ ಓಡಿದ. ಶೂ, ಮೊಣಕಾಲು, ಗಲ್ಲ, ಎಲ್ಲ ಕೆಂಪು.

ಮನೆಗೆ ಬಂದು ಮಗಳು ಬಾಲ್ಕನಿಯಲ್ಲಿ ಆ ಶೂ ಒಂದಕ್ಕೊಂದು ಬಡಿಯುತ್ತಿದ್ದಳು. "ತಡಿ, ಬಿಸಾಕ್ಬೇಡ" ಎಂದು ಒಂದು ಪೇಪರ್ ಒಡ್ಡಿದೆ. ಅಡಿಗೆ ಅಂಟಿದ್ದದ್ದನ್ನು ಚಮಚದಲ್ಲಿ ಕೆರೆದೆ. ಎರಡು ಚಮಚೆಯಷ್ಟು ಸಿಕ್ಕಿತು. ನೀರು ಚಿಮುಕಿಸಿ ಅಂಗೈಯಲ್ಲಿಟ್ಟು ಹೊಸೆದೆ. ಮಣ್ಣಲ್ಲಿ ಮರಳು ಜಾಸ್ತಿ ಇದ್ದರೆ ಬೆರಳಷ್ಟು ದಪ್ಪವಿರುವಾಗಲೇ ಮುರಿಯುತ್ತದೆ. ಜೇಡಿ ಇದ್ದರೆ ಎಳೆ ಬರುತ್ತದೆ. ಇದು ಬಂತು. ಪೆನ್ಸಿಲ್ ದಪ್ಪಕ್ಕೆ ಬಂತು, ಕಡ್ಡಿಯ ದಪ್ಪಕ್ಕೆ ಬಂತು, ಶ್ಯಾವಿಗೆಯಷ್ಟಾದ ಮೇಲೆ ತುಂಡಾಯಿತು.

"ಈ ಮಣ್ಣು ಅಲ್ಲಿಯದಲ್ಲ ಮಾವ" ಎಂದರು ಅಳಿಯಂದಿರು, ಬಾಗಿಲಲ್ಲಿ ನಿಂತು ನಗುತ್ತಾ. "ಬೇಸ್‌ಬಾಲ್ ಮಣ್ಣು ಅಂತಲೇ ಮಿಕ್ಸ್ ಮಾಡಿ ಮಾರುತ್ತಾರೆ. ಲಾರಿಯಲ್ಲಿ ತರಿಸೋದು."

"ಎಲ್ಲಿಂದಾದ್ರೂ ಬರ್ಲಿ. ಏರಿಯ ಹಾರ್ಟಿಂಗ್‌ಗೆ, ನೀರು ತಡೆಯೋ ಒಳಗಿನ ಭಾಗಕ್ಕೆ, ಹಾಕಬಹುದು. ನಾನಾದ್ರೆ ಪಾಸ್ ಮಾಡ್ತಿದ್ದೆ."

ಮೊಮ್ಮಗ ಬಗ್ಗಿ ನೋಡಿ, "ತಾತ, ಹಾವಾ?" ಎಂದ. ಅವನ ಅಂಗೈಗೂ ಒಂದಿಷ್ಟು ಹಾಕಿ ಹೊಸೆಯುವುದು ಹೇಗೆ ಅಂತ ತೋರಿಸುತ್ತಿದ್ದೆ. "ಅಪ್ಪ, ಇಬ್ಬರೂ ಕೈ ತೊಳ್ಕೊಂಡು ಬನ್ನಿ, ಸಾರು ಆರ್ತಾ ಇದೆ" ಎಂದು ಒಳಗಿನಿಂದ ಕೂಗು ಬಂತು. ಇನ್ನೂ ಒಂದು ಎಳೆ ಬಾಕಿ ಇತ್ತು.