ಪೇರಳೆ, ಬೈರಾಸು ಮತ್ತು ಒಂದು ಬಾಟಲಿ ಜೆಲ್ಲಿ

ನನ್ನ ಮಟ್ಟಿಗೆ ಜೆಲ್ಲಿ ಅಂದ್ರೆ ಗಡ್‌ಬಡ್ ಐಸ್‌ಕ್ರೀಮಿನ ಗ್ಲಾಸಿನಲ್ಲಿ ಅಡಗಿ ಕೂತ ಕೆಂಪು ತುಂಡು. ಉದ್ದ ಚಮಚ ಹಾಕಿ ಎಬ್ಬಿಸಿದರೆ ನಡುಗುತ್ತಾ ಮೇಲೆ ಬರುತ್ತದಲ್ವಾ, ಅದು. ಜೆಲಾಟಿನ್ನಿಂದಲೋ ಚೀನಾ ಗ್ರಾಸ್‌ನಿಂದಲೋ ಆಗುವಂಥದ್ದು. ಬ್ರೆಡ್ಡಿಗೆ ಹಚ್ಚಲು ಜಾಮ್ ಇದೆ. ಅದೂ ಅನಾನಸಿನದ್ದು, ಹಲ್ಲಿಗೆ ನಾರು ಸಿಗುವಂಥದ್ದು.

ಕಳೆದ ಆಟಿಯಲ್ಲಿ, ಅಂದ್ರೆ ತುಳುವರ ಮಳೆಗಾಲದ ತಿಂಗಳಲ್ಲಿ, ಮಂಗಳೂರಿನ ಕುಲಶೇಖರದ ನಮ್ಮ ಮನೆ ಹಿತ್ತಲಲ್ಲಿ ಪೇರಳೆ ಸಿಕ್ಕಾಪಟ್ಟೆ ಬಿಟ್ಟಿತ್ತು. ರಾತ್ರಿ ಬಾವಲಿ ಕಚ್ಚಿ ಬೀಳಿಸಿದ್ದು, ಬೆಳಿಗ್ಗೆ ಮಳೆಗೆ ಉದುರಿದ್ದು. ಜಾಮ್ ಮಾಡೋಣ ಅಂತ ಪಕ್ಕದ ಮನೆ ಬಾಯಮ್ಮನ ಹತ್ತಿರ ಕೇಳಿದೆ.

"ಪೇರಳೆ ಜಾಮಾ? ಬೀಜ ಜರಡಿ ಹಿಡಿಯುವಷ್ಟರಲ್ಲಿ ಕೈ ಬೀಳ್ತದೆ ಮಾರಾಯ್ತಿ. ಜೆಲ್ಲಿ ಮಾಡು" ಅಂದರು.

ಜಾಮಿಗೆ ಹಣ್ಣಿನ ತಿರುಳೇ ಬೇಕು, ಜೆಲ್ಲಿಗೆ ಸೋಸಿದ ರಸ ಮಾತ್ರ. ತೀರಾ ಹಣ್ಣಾದದ್ದು ಬೇಡ, ದೋರೆಗಾಯಿ ಜಾಸ್ತಿ ಇರಲಿ, ರಸವನ್ನು ಗಟ್ಟಿ ಹಿಡಿಸುವ ಪೆಕ್ಟಿನ್ ಅದರಲ್ಲೇ ಹೆಚ್ಚು. ಹೆಚ್ಚಿ, ಮುಳುಗುವಷ್ಟು ನೀರು ಹಾಕಿ, ಮೆತ್ತಗಾಗುವವರೆಗೆ ಬೇಯಿಸಿದೆ. ಅಮ್ಮನ ತೆಳು ಬೈರಾಸಿನಲ್ಲಿ, ಅಂದ್ರೆ ಟವಲಿನಲ್ಲಿ, ಕಟ್ಟಿ ಅಡುಗೆಮನೆ ಕಿಟಕಿಯ ಸರಳಿಗೆ ನೇತುಹಾಕಿದೆ, ಕೆಳಗೆ ಪಾತ್ರೆ. "ರಾತ್ರಿಯಿಡೀ ಹಾಗೇ ಇರಲಿ. ಹಿಂಡಬೇಡ" ಅಂತ ಬಾಯಮ್ಮ ಎರಡು ಸಲ ಹೇಳಿದ್ದರು.

ಹೊರಗೆ ಧೋ ಅಂತ ಮಳೆ, ಒಳಗೆ ಟಪ್, ಟಪ್. ಒಂಬತ್ತೂವರೆಗೆ ನೋಡಿದರೆ ಒಂದೂವರೆ ಲೋಟ ರಸ. ಅಮ್ಮ ಬಂದು ಪಾತ್ರೆಗೆ ಇಣುಕಿ, "ಒಂದು ಬುಟ್ಟಿ ಹಣ್ಣಿಗೆ ಇಷ್ಟೇಯಾ?" ಅಂದರು. ಹಲಸಿನ ಹಣ್ಣಿನ ತಿರುಳನ್ನು ಗಟ್ಟಿಯಾಗುವವರೆಗೆ ಕಾಯಿಸುವ ಬೆರಟಿಯಲ್ಲಿ ಪಳಗಿದ ಕೈ ಅವರದು. ಬೆರಟಿಯಲ್ಲಿ ಸೊಳೆಯ ಚೂರೂ ದಂಡವಾಗುವುದಿಲ್ಲ. ನನಗೂ ಹೊಟ್ಟೆ ಉರಿಯಿತು. ಬೈರಾಸು ಇಳಿಸಿ ಚೆನ್ನಾಗಿ ಹಿಂಡಿಬಿಟ್ಟೆ. ಅರ್ಧ ಲೋಟ ಜಾಸ್ತಿ ಬಂತು. ಅಷ್ಟು ಹೊತ್ತು ತಿಳಿಯಾಗಿದ್ದ ರಸ ಅಕ್ಕಿ ತೊಳೆದ ನೀರಿನ ಹಾಗಾಯಿತು.

ಬೆಳಿಗ್ಗೆ ರಸದಷ್ಟೇ ಸಕ್ಕರೆ, ಒಂದು ಲಿಂಬೆಯ ಹುಳಿ ಹಾಕಿ ಕುದಿಸಿದೆ. ಪೆಕ್ಟಿನ್, ಹುಳಿ, ಸಕ್ಕರೆ, ಮೂರೂ ಸರಿಯಾಗಿ ಸೇರಿದರೆ ಮಾತ್ರ ಜೆಲ್ಲಿ ಹಿಡಿಯುತ್ತದೆ. ಥರ್ಮಾಮೀಟರ್ ಇದ್ದವರು ಸುಮಾರು 105 ಡಿಗ್ರಿ ಸೆಲ್ಸಿಯಸ್ ನೋಡುತ್ತಾರೆ. ಬಾಯಮ್ಮನಿಗೆ ಸೌಟು ಸಾಕು. ಅದ್ದಿ, ಸ್ವಲ್ಪ ಆರಿಸಿ, ಓರೆ ಮಾಡಿ ಹಿಡಿದರು. ಮೊದಲು ಹನಿ ಹನಿಯಾಗಿ ಬಿದ್ದದ್ದು ಆಮೇಲೆ ಎರಡು ಹನಿ ಅಂಚಿನಲ್ಲಿ ಒಂದಾಗಿ, ಪರದೆಯ ಹಾಗೆ ಜಾರಿತು. "ಆಯ್ತು, ಒಲೆ ಆರಿಸು" ಅಂದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಮುಖವನ್ನೂ ನೋಡಿದರು. "ಹಿಂಡಿದ್ದೀ ಅಲ್ವಾ?"

ಜೆಲ್ಲಿ ಹಿಡಿದಿತ್ತು, ಜೇನಿನ ಬಣ್ಣ ಬಂದಿತ್ತು, ಆದರೆ ಮಬ್ಬು. ಪರಿಮಳ ಮಾತ್ರ ಜಾಮಿಗಿಂತ ಒಂದು ಕೈ ಮೇಲೆ, ಅದನ್ನು ಒಪ್ಪುತ್ತೇನೆ. ಆದರೆ ಬ್ರೆಡ್ಡಿಗೆ ಹಚ್ಚಿ ಕಚ್ಚಿದರೆ ಜಗಿಯಲು ಏನೂ ಇಲ್ಲ, ಸುಮ್ನೆ ಸಿಹಿ. ನೀರ್ ದೋಸೆಗೆ ಹಾಕಿದರೆ ಜಾರಿ ತಟ್ಟೆಗೆ ಬಿತ್ತು. ಕಾಯಿಬೆಲ್ಲವೇ ವಾಸಿ. ನನ್ನ ಓಟು ಜಾಮಿಗೇ. ಬಾಯಮ್ಮ ಇದನ್ನು ಇವತ್ತಿಗೂ ಒಪ್ಪಿಲ್ಲ, ಹಿಂಡಿದ ಜೆಲ್ಲಿ ತಿಂದವರ ಮಾತು ಲೆಕ್ಕಕ್ಕಿಲ್ಲವಂತೆ.

ಅಷ್ಟರಲ್ಲಿ ಅಮ್ಮ ಬೈರಾಸಿನಲ್ಲಿ ಉಳಿದ ತಿರುಳನ್ನು ಜರಡಿಗೆ ಉಜ್ಜುತ್ತಾ ಕೂತಿದ್ದರು. ಕೈ ಬಿದ್ದದ್ದು ಅವರದೇ. ಸಕ್ಕರೆ, ತುಪ್ಪ ಹಾಕಿ ತಳ ಬಿಡುವವರೆಗೆ ಮಗುಚಿ, ತಟ್ಟೆಯಲ್ಲಿ ತಟ್ಟಿ ತುಂಡು ಮಾಡಿದರು. ಕ್ರಿಸ್ಮಸ್ಸಿಗೆ ಬಾಯಮ್ಮನ ಮನೆಯಿಂದ ಬರುವ ಕುಸ್ವಾರ್, ಅಂದ್ರೆ ಹಬ್ಬದ ತಿಂಡಿಗಳ ತಟ್ಟೆಯಲ್ಲಿ ಇರುತ್ತದಲ್ಲ, ಪೆರಾದ್, ಅದೇ. ಎರಡು ದಿನದಲ್ಲಿ ತಟ್ಟೆ ಖಾಲಿ.

ಜೆಲ್ಲಿ ಬಾಟಲಿ ಇನ್ನೂ ಫ್ರಿಜ್ಜಿನಲ್ಲಿದೆ. ಬೈರಾಸಿನ ಕಂದು ಕಲೆಯೂ ಹೋಗಿಲ್ಲ.