ಅಜ್ಜಿಯ ಹೆಬ್ಬೆರಳು, ನನ್ನ ಉಬ್ಬದ ಹಿಟ್ಟು

ಪವಿತ್ರ ಗುರುವಾರ, ಅಂದ್ರೆ ಶುಭ ಶುಕ್ರವಾರದ ಹಿಂದಿನ ದಿನ, ಮಧ್ಯಾಹ್ನ ನನ್ನ ಹಿಟ್ಟು ಉಬ್ಲಿಲ್ಲ. ಎರಡು ಗಂಟೆ ಬಿಟ್ಟು ಬಟ್ಟೆ ಎತ್ತಿ ನೋಡಿದ್ರೆ ಕಲಸಿಟ್ಟಾಗ ಹೇಗಿತ್ತೋ ಹಾಗೇ ಕೂತಿದೆ, ಮುನಿಸಿಕೊಂಡ ಮಗು ಥರ. ಇನ್ನೊಂದು ಗಂಟೆ ಕಾದೆ. ಊಹೂಂ. ಆಮೇಲೆ ಹೊಳೀತು, ಈಸ್ಟ್ ನೆನೆಸೋಕೆ ಹಾಕಿದ ನೀರು ತುಂಬಾ ಬಿಸಿ ಇತ್ತು, ಬೆರಳು ಅದ್ದಿ ನೋಡೋಷ್ಟೂ ಪುರುಸೊತ್ತು ಮಾಡ್ಕೊಳ್ಲಿಲ್ಲ ನಾನು, ಒಂದು ಕೈಲಿ ಫೋನು ಇನ್ನೊಂದು ಕೈಲಿ ನೀರಿನ ಪಾತ್ರೆ. ಈಸ್ಟ್ ಅನ್ನೋದು ಜೀವ ಇರೋದು ಅಲ್ವಾ, 60 ಡಿಗ್ರಿ ದಾಟಿದ ನೀರು ಸುರಿದ್ರೆ ಸತ್ತೇ ಹೋಗತ್ತೆ, ಆಮೇಲೆ ಎಷ್ಟು ನಾದಿದ್ರೂ ಎಷ್ಟು ಕಾದ್ರೂ ಏಳಲ್ಲ. ಉಗುರು ಬೆಚ್ಚಗಿನ ನೀರಲ್ಲಿ ಚೂರು ಸಕ್ಕರೆ ಜೊತೆ ಹತ್ತು ನಿಮಿಷ ಬಿಟ್ಟು ನೊರೆ ಬಂತಾ ಅಂತ ನೋಡ್ಬೇಕು, ಇದು ಮೊದಲ ಪಾಠ, ಇಷ್ಟು ವರ್ಷ ಬೇಕಿಂಗ್ ಮಾಡ್ದವಳು ಅದನ್ನೇ ತಪ್ಪಿಸಿದೆ.

ಬೇರೆ ದಿನ ಆಗಿದ್ರೆ ನಕ್ಕು ಬಿಟ್ಟುಬಿಡ್ತಿದ್ದೆ. ಅದು ಹರಕೆಯ ಹಿಟ್ಟು, ಅದಕ್ಕೇ ಅಳು ಬಂತು.

ಹರಕೆ ವಿಷಯ ಹೇಳ್ತೀನಿ. ಹೋದ ವರ್ಷ ನನ್ನ ಚಿಕ್ಕ ಮಗನಿಗೆ ಜ್ವರ ಬಂತು, ಜ್ವರ ಹೋಯ್ತು, ಆದ್ರೆ ಹಸಿವು ವಾಪಸ್ ಬರ್ಲೇ ಇಲ್ಲ. ತಟ್ಟೆ ಮುಂದೆ ಕೂರೋದು, ಎರಡು ತುತ್ತು ತಿಂದು "ಸಾಕಮ್ಮ" ಅನ್ನೋದು. ಮಕ್ಕಳು ತಿನ್ನದೇ ಇದ್ದಾಗ ತಾಯಂದ್ರಿಗೆ ಏನಾಗತ್ತೆ ಅಂತ ನಾನು ಬರೆದು ಹೇಳ್ಬೇಕಿಲ್ಲ, ಓದೋರಲ್ಲಿ ಅರ್ಧ ಜನಕ್ಕೆ ಗೊತ್ತು. ಆ ದಿನಗಳಲ್ಲಿ ಒಂದು ರಾತ್ರಿ ಬೈಬಲಿನಲ್ಲಿ ಸಂತ ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯ ಓದ್ತಾ ಇದ್ದೆ, ಯಾಯಿರನ ಮಗಳದ್ದು. ಎಷ್ಟು ಸಲ ಕೇಳಿಲ್ಲ ಈ ಕಥೆ ಪೂಜೆಯಲ್ಲಿ. 12 ವರ್ಷದ ಹುಡುಗಿ ಸತ್ತೋದ್ಲು ಅಂತ ಮನೆ ತುಂಬಾ ಗೋಳಾಟ, ಸ್ವಾಮಿ ಅವಳ ಕೈ ಹಿಡಿದು ಎಬ್ಬಿಸ್ತಾರೆ, ಎಲ್ಲರೂ ಬೆಕ್ಕಸ ಬೆರಗಾಗಿ ನಿಂತಿದ್ದಾರೆ. ಆಗ ಯೇಸುಸ್ವಾಮಿ ಹೇಳಿದ್ದೇನು? ಇದನ್ನ ಯಾರಿಗೂ ಹೇಳ್ಬೇಡಿ, ಮತ್ತೆ ಹುಡುಗಿಗೆ ತಿನ್ನೋಕೆ ಏನಾದ್ರೂ ಕೊಡಿ ಅಂತ! ಸಾವನ್ನ ಗೆದ್ದು ನಿಂತಿರೋವಾಗ ಸ್ವಾಮಿಗೆ ನೆನಪಾಗಿದ್ದು ಆ ಮಗುವಿನ ಹೊಟ್ಟೆ. ಆ ಸಾಲು ನನ್ನ ಕಣ್ಣಿಗೆ ಅದಕ್ಕಿಂತ ಮುಂಚೆ ಯಾವತ್ತೂ ಬಿದ್ದಿರ್ಲಿಲ್ಲ. ಪುಸ್ತಕ ಮಡಚಿ ಅಲ್ಲೇ ಮಂಚದ ಪಕ್ಕ ಮೊಣಕಾಲೂರಿ ಕೇಳ್ಕೊಂಡೆ, ಸ್ವಾಮಿ, ನನ್ನ ಮಗ ಹೊಟ್ಟೆ ತುಂಬಾ ತಿನ್ನೋ ಹಾಗೆ ಮಾಡು, ಮುಂದಿನ ತಪಸ್ಸುಕಾಲದಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ಶುಕ್ರವಾರನೂ ಬಿಡದೆ ನನ್ನ ಕೈಯಾರೆ ರೊಟ್ಟಿ ಮಾಡಿ ಮೊದಲನೇದನ್ನ ಬೇರೆಯವರಿಗೆ ಕೊಟ್ಟು ಆಮೇಲೆ ನಾವು ತಿಂತೀವಿ.

ಅವನು ತಿಂದ. ಹೇಗೆ, ಯಾವತ್ತು ಅಂತೆಲ್ಲ ಬಿಡಿ. ಒಂದು ದಿನ ಶಾಲೆಯಿಂದ ಬಂದವನು ಓವನ್ ಮುಂದೆ ನಿಂತು "ಆಯ್ತಾ, ಆಯ್ತಾ" ಅಂತ ಕೇಳ್ದ, ನನಗೆ ಅಷ್ಟು ಸಾಕಾಯ್ತು.

ಇನ್ನು ಅಜ್ಜಿ. ನಾನು ಹಿಟ್ಟಿಗೆ ಕೈ ಹಾಕಿದಾಗೆಲ್ಲ ಅಜ್ಜಿ ಬಂದೇ ಬರ್ತಾಳೆ, ಅಮ್ಮನ ತಾಯಿ. ಅವಳ ಮುಖ ನನಗೆ ಈಗ ಸರಿಯಾಗಿ ನೆನಪಿಲ್ಲ, ಫೋಟೋ ನೋಡಿದ್ರೆ ಯಾರೋ ಬೇರೆಯವರ ಥರ ಕಾಣ್ತಾಳೆ, ಆದ್ರೆ ಅವಳ ಬಲಗೈ ಹೆಬ್ಬೆರಳು ಮಾತ್ರ ಹಾಗೇ ಇದೆ ಕಣ್ಮುಂದೆ. ದಪ್ಪ, ಗಿಡ್ಡ, ಉಗುರಿನ ಸುತ್ತ ಸಣ್ಣ ಸಣ್ಣ ಬಿರುಕು, ಆ ಬಿರುಕಲ್ಲಿ ಯಾವಾಗ್ಲೂ ಒಣಗಿದ ಹಿಟ್ಟು. ಹಿಟ್ಟು ನಾದಿ ಉಂಡೆ ಮಾಡಿ, ಬಟ್ಟೆ ಮುಚ್ಚೋಕೆ ಮುಂಚೆ ಆ ಹೆಬ್ಬೆರಳಿಂದ ಅದರ ಮೇಲೆ ಶಿಲುಬೆ ಎಳೀತಿದ್ಲು, ಒಂದು ಉದ್ದ ಒಂದು ಅಡ್ಡ, ಜೊತೆಗೆ ಬಾಯಲ್ಲಿ ಅರ್ಧ ಕೇಳೋ ಅರ್ಧ ಕೇಳದೇ ಇರೋ ಒಂದು ನಮೋ ಮರಿಯಾ ಪ್ರಾರ್ಥನೆ. ಅದೇ ಹೆಬ್ಬೆರಳಿಂದ, ಕೈ ಕೂಡ ತೊಳೀದೆ, ನಮ್ಮ ಹಣೆ ಮೇಲೂ ಶಿಲುಬೆ ಹಾಕ್ತಿದ್ಲು ಮಲಗೋ ಮುಂಚೆ. ಹಣೆ ಮೇಲೆ ಹುಳಿಹಿಟ್ಟಿನ ವಾಸನೆ. ಹುಳಿ ಅಂದ್ರೆ ಕೆಟ್ಟ ಹುಳಿ ಅಲ್ಲ, ಸ್ವಲ್ಪ ಹಾಲಿನ ಥರ, ಸ್ವಲ್ಪ ಮಾಗಿದ ಹಣ್ಣಿನ ಥರ, ಬೆಚ್ಚಗೆ. ಇವತ್ತಿಗೂ ತಪಸ್ಸುಕಾಲ ಶುರುವಾಗೋ ವಿಭೂತಿ ಬುಧವಾರ ಗುರುಗಳು ಹಣೆಗೆ ಬೂದಿ ಹಚ್ಚೋವಾಗ, ಅವರ ಹೆಬ್ಬೆರಳು ತಾಕಿದ ತಕ್ಷಣ ನನ್ನ ಮೂಗಿಗೆ ಬರೋದು ಬೂದಿ ವಾಸನೆ ಅಲ್ಲ, ಆ ಹುಳಿಹಿಟ್ಟಿನದು. ಮಣ್ಣಿಗೆ ಮರಳುವೆ ಅಂತ ಗುರುಗಳು ಹೇಳ್ತಿರ್ತಾರೆ, ನಾನು ಅಜ್ಜಿ ಅಡುಗೆಮನೇಲಿ ಇರ್ತೀನಿ. ಇದು ಪಾಪನೋ ಏನೋ, ಪಾಪನಿವೇದನೆಯಲ್ಲಿ ಇನ್ನೂ ಹೇಳಿಲ್ಲ.

ಭಾನುವಾರ ಬೆಳಕು ಹರಿಯೋ ಮುಂಚೆ ಎದ್ದು ರೊಟ್ಟಿ ಬೇಯಿಸೋಳು, ಮನೆಯೆಲ್ಲ ಘಮ ಘಮ, ಆದ್ರೆ ಯಾರೂ ಮುಟ್ಟೋ ಹಾಗಿಲ್ಲ, ಪೂಜೆ ಮುಗಿಸಿ ಬರೋ ತನಕ. ಅವಳ ಕಾಲದಲ್ಲಿ ಪರಮಪ್ರಸಾದ (ಪೂಜೆಯಲ್ಲಿ ಕೊಡೋ ಪವಿತ್ರ ರೊಟ್ಟಿ) ಸ್ವೀಕರಿಸೋರು ಮಧ್ಯರಾತ್ರಿಯಿಂದ ಏನೂ ತಿನ್ನಬಾರದು, ನೀರೂ ಕುಡೀಬಾರದು. 1953ರಲ್ಲಿ ಹನ್ನೆರಡನೇ ಭಕ್ತಿನಾಥ ಅಂದ್ರೆ ಪೋಪ್ ಹನ್ನೆರಡನೇ ಪಯಸ್ ಜಗದ್ಗುರುಗಳು ನೀರು ಕುಡಿಯಬಹುದು ಅಂದ್ರು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳೀತು, 1964ರಲ್ಲಿ ಆರನೇ ಪೌಲರು ಒಂದೇ ಗಂಟೆ ಸಾಕು ಅಂದ್ರು. ಅಜ್ಜಿ ಇದ್ಯಾವುದನ್ನೂ ಕಿವಿಗೆ ಹಾಕ್ಕೊಳ್ಲಿಲ್ಲ, ಸಾಯೋ ತನಕ ಮಧ್ಯರಾತ್ರಿ ಲೆಕ್ಕನೇ. ತಾನು ಮಾಡಿದ ರೊಟ್ಟಿ ರುಚಿ ಕೂಡ ನೋಡ್ದೆ, ಉಪ್ಪು ಸರಿಯಿದೆಯೋ ಇಲ್ವೋ ಗೊತ್ತಿಲ್ದೆ, ಬಟ್ಟೆ ಮುಚ್ಚಿ ಚರ್ಚಿಗೆ ಹೊರಡೋಳು. ಆ ವಾಸನೆ ಬಟ್ಟೆಗೆ ಕೂದಲಿಗೆ ಮೆತ್ಕೊಂಡು ನಮ್ಮ ಜೊತೆ ಚರ್ಚಿಗೂ ಬರ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು, ಗುರುಗಳು ಪ್ರಸಾದ ಎತ್ತಿ ಹಿಡಿದಾಗ ನಿಜವಾಗ್ಲೂ ಹಸಿದವರ ಕಣ್ಣಲ್ಲೇ ನೋಡ್ತಿದ್ವಿ. ಈಗ? ಒಂದು ಗಂಟೆ, ಅದೂ ಪ್ರಸಾದಕ್ಕೆ ಒಂದು ಗಂಟೆ ಮುಂಚೆ ಅಂತ ಲೆಕ್ಕ, ಅಂದ್ರೆ ಕಾರಲ್ಲಿ ಚಿಪ್ಸ್ ಪ್ಯಾಕೆಟ್ ಮುಗಿಸಿ ಕೈ ಒರೆಸ್ಕೊಂಡು ಒಳಗೆ ಹೋದ್ರೂ ನಡಿಯತ್ತೆ ಅನ್ನೋ ಹಾಗಾಗಿದೆ. ನನ್ನ ಮಕ್ಕಳೇನು ಸಾಚಾಗಳಲ್ಲ, ನಾನೂ ಅಲ್ಲ. ಊಟಕ್ಕೆ ಮುಂಚಿನ ಪ್ರಾರ್ಥನೆ ನಮ್ಮನೇಲೂ ಆಗಾಗ ಒಂದು ಕೈ ಚಮಚದ ಮೇಲೆ ಇದ್ದೇ ಮುಗಿಯತ್ತೆ. ಧರ್ಮಸಭೆ ನಮ್ಮ ಕಷ್ಟ ನೋಡಿ ನಿಯಮ ಸಡಿಲ ಮಾಡಿದ್ದು, ನಾವು ಸಡಿಲನೇ ನಿಯಮ ಮಾಡ್ಕೊಂಡ್ವಿ. ಸರಿ, ಇದನ್ನ ಇಲ್ಲಿಗೇ ಬಿಡ್ತೀನಿ, ಇಲ್ಲಾಂದ್ರೆ ಮಗಳು ಓದಿ "ಅಮ್ಮ ಮತ್ತೆ ಪ್ರಸಂಗ ಶುರು ಮಾಡಿದ್ಲು" ಅಂತಾಳೆ.

ಶುಭ ಶುಕ್ರವಾರನೂ ಸೇರಿದ್ರೆ ತಪಸ್ಸುಕಾಲದಲ್ಲಿ ಏಳು ಶುಕ್ರವಾರ. ಮೊದಲ ಆರು ಚೆನ್ನಾಗೇ ಆಯ್ತು, ಆಯ್ತು ಅನ್ನೋದಕ್ಕಿಂತ ಅತಿ ಚೆನ್ನಾಗಾಯ್ತು, ಅದೇ ತೊಂದ್ರೆ. ಆರನೇ ವಾರದ ಹೊತ್ತಿಗೆ ನಾನು ಪ್ರತಿ ಬ್ರೆಡ್ಡಿನ ಫೋಟೋ ತೆಗೆದು ಗ್ರೂಪಿಗೆ ಹಾಕ್ತಾ ಇದ್ದೆ, ಮೇಲ್ಮೈ ಹೇಗೆ ಬಿರಿದಿದೆ ನೋಡಿ, ಒಳಗೆ ಹೇಗೆ ತೂತು ಬಿದ್ದಿದೆ ನೋಡಿ ಅಂತ. ಉಪವಾಸ ಮಾಡೋವಾಗ ಮುಖ ತೊಳ್ಕೊಂಡು ತಲೆಗೆ ಎಣ್ಣೆ ಹಚ್ಕೊಂಡು ಯಾರಿಗೂ ತಿಳಿಯದ ಹಾಗೆ ಮಾಡಿ ಅನ್ನೋ ಶುಭಸಂದೇಶನೇ ವಿಭೂತಿ ಬುಧವಾರ ಓದೋದು, ಕೇಳ್ಕೊಂಡು ಬಂದೇ ಹೀಗೆ. ಗುರುವಾರ ನೀರು ಕಾಯಿಸೋವಾಗ ಕೈಲಿ ಫೋನ್ ಯಾಕಿತ್ತು ಅಂದ್ರೆ ಹೋದ ವಾರದ ಫೋಟೋಗೆ ಬಂದ ಮೆಚ್ಚುಗೆಗಳನ್ನ ಓದ್ತಾ ಇದ್ದೆ.

ಸಂಜೆ ಪೂಜೆಗೆ ಹೊತ್ತಾಯ್ತು. ಆ ಉಬ್ಬದ ಹಿಟ್ಟನ್ನೇ ತೆಳ್ಳಗೆ ತಟ್ಟಿ ಓವನ್ನಿಗೆ ಹಾಕಿ ತೆಗೆದೆ, ಅಟ್ಟೆ ಥರ ಆಯ್ತು. ಚರ್ಚಲ್ಲಿ ಮೊದಲನೇ ವಾಚನ ಶುರುವಾಯ್ತು, ಬೈಬಲಿನ ವಿಮೋಚನಾಕಾಂಡ 12ನೇ ಅಧ್ಯಾಯ, ಕುರಿಮರಿ ಮಾಂಸ, ಕಹಿ ಸೊಪ್ಪು, ಹುಳಿಯಿಲ್ಲದ ರೊಟ್ಟಿ. ಮಗಳು ನನ್ನ ಮೊಣಕೈ ತಿವಿದಳು. "ನಿನ್ನ ರೊಟ್ಟಿ ಓದ್ತಿದ್ದಾರೆ ನೋಡಮ್ಮ." ನಗು ತಡ್ಕೊಳ್ಳೋಕೆ ಆಗ್ಲಿಲ್ಲ, ಪವಿತ್ರ ಗುರುವಾರ, ಪಾದ ತೊಳೆಯೋ ಪೂಜೆ, ಇಬ್ರೂ ತಲೆ ತಗ್ಗಿಸಿ ಹೆಗಲು ಕುಣಿಸ್ತಾ ಕೂತಿದೀವಿ, ಹಿಂದಿನ ಬೆಂಚಿನವರು ಅಳ್ತಿದ್ದಾರೆ ಅಂದ್ಕೊಂಡ್ರೋ ಏನೋ. ಅದೇ ಅಧ್ಯಾಯದಲ್ಲಿ ಇನ್ನೂ ಮುಂದೆ ಒಂದು ಮಾತಿದೆ, ಆ ದಿನ ಓದಲ್ಲ, ಮನೆಗೆ ಬಂದು ನಾನೇ ಹುಡುಕಿ ಓದ್ದೆ. ಈಜಿಪ್ಟಿನ ಸೆರೆಯಿಂದ ಇಸ್ರಯೇಲರು ಹಿಟ್ಟು ಹುಳಿ ಬರೋ ಮುಂಚೆಯೇ ನಾದೋ ಪಾತ್ರೆ ಸಮೇತ ಬಟ್ಟೇಲಿ ಕಟ್ಟಿ ಹೆಗಲ ಮೇಲೆ ಹೊತ್ಕೊಂಡು ಹೊರಟ್ರಂತೆ. ಆ ರಾತ್ರಿ ಆ ಪಾತ್ರೆಗಳನ್ನ ಕಟ್ಟಿದ ಹೆಂಗಸರ ಬಗ್ಗೆ ಯಾವ ಪ್ರಸಂಗದಲ್ಲೂ ಕೇಳಿಲ್ಲ ನಾನು. ಅಪೂಪ ಅಂತ ಪೂಜೆಯಲ್ಲಿ ಎತ್ತಿ ಹಿಡಿಯೋದೂ ಅಷ್ಟೇ ತಾನೆ, ಬರೀ ಗೋಧಿ ಹಿಟ್ಟು, ನೀರು, ನಮ್ಮ ಲತೀನ್ ಪದ್ಧತಿಯಲ್ಲಿ ಹುಳಿ ಇಲ್ಲ, ಉಪ್ಪಿಲ್ಲ, ಬೆಣ್ಣೆ ಇಲ್ಲ. ಪೂರ್ವದ ಬೈಜಾಂಟಿನ್ ಪದ್ಧತಿಯ ಕಥೋಲಿಕರಾದ್ರೆ ಹುಳಿ ಬಂದ ರೊಟ್ಟಿಯನ್ನೇ ಬಳಸ್ತಾರೆ. ಉಬ್ಬದ ರೊಟ್ಟಿಗೂ ಬಲಿಪೀಠದಲ್ಲಿ ಜಾಗ ಇದೆ ಅಂತ ಸಮಾಧಾನ ಮಾಡ್ಕೊಂಡೆ.

ಆದ್ರೂ ಹರಕೆ ಹರಕೆನೇ, ಮೊದಲನೇದು ಬೇರೆಯವರಿಗೆ. ನಾಚಿಕೆ ಬಿಟ್ಟು ಶುಕ್ರವಾರ ಬೆಳಗ್ಗೆ ಪಕ್ಕದ ಮನೆ ಆಂಟಿಗೆ ತಗೊಂಡು ಹೋದೆ, ವಯಸ್ಸಾದವರು, ಒಬ್ರೇ ಇರೋದು, ಆರು ವಾರ ಮೆತ್ತಗಿನ ಬ್ರೆಡ್ ತಿಂದವರು. "ಇದು ಸರಿ ಬಂದಿಲ್ಲ ಆಂಟಿ, ಬೇಡಾಂದ್ರೆ ಬೇಡ ಅನ್ನಿ" ಅಂದೆ. ಅವರು ಅದನ್ನ ಮೇಜಿಗೆ ಕುಟ್ಟಿ ನೋಡಿ "ಹಲ್ಲಂತೂ ಇಲ್ಲ, ಸೂಪಲ್ಲಿ ನೆನೆಸ್ಕೊಂಡ್ರೆ ಆಗತ್ತೆ ಬಿಡಮ್ಮ, ಇವತ್ತು ಇದೇ ಸರಿ" ಅಂದ್ರು. 59 ದಾಟಿದವರಿಗೆ ಉಪವಾಸದ ನಿಯಮನೇ ಇಲ್ಲ, ಅವರಿಗೆ ಎಂಬತ್ತರ ಹತ್ರ, ಆದ್ರೂ ಶುಭ ಶುಕ್ರವಾರ ಒಂದೇ ಹೊತ್ತು ಊಟ. ನಮ್ಮನೇಲೂ ಆವತ್ತು ಸೂಪು, ಅದರಲ್ಲಿ ನೆನೆದ ಅಟ್ಟೆ. ಚಿಕ್ಕವನು ಎರಡನೇ ಸಲ ಹಾಕಿಸ್ಕೊಂಡ. ಅವನಿಗೆ ಹಾಕ್ತಾ ನನ್ನ ಕೈ ಸ್ವಲ್ಪ ನಡುಗ್ತು.

ಯೇಸುಸ್ವಾಮಿ ಹೇಳಿದ ಹುಳಿಹಿಟ್ಟಿನ ಸಾಮತಿ ಕಥೆ ನಿಮಗೆಲ್ಲ ಗೊತ್ತು, ಒಬ್ಬ ಹೆಂಗಸು ಮೂರು ಅಳತೆ ಹಿಟ್ಟಲ್ಲಿ ಹುಳಿಯನ್ನ ಸೇರಿಸಿದ್ಲು ಅಂತ. ಮೂರು ಅಳತೆ ಅಂದ್ರೆ ಸುಮಾರು 40 ಲೀಟರ್ ಹಿಡಿಯೋ ಪಾತ್ರೆ ತುಂಬಾ ಹಿಟ್ಟು, ಒಂದು ಮನೆಗಲ್ಲ ಅದು, ಇಡೀ ಕೇರಿಗಾಗತ್ತೆ, ನಾದಿದವಳ ತೋಳಿನ ಗತಿ ಏನಾಗಿರ್ಬೇಡ. ಸೇರಿಸಿದ್ಲು ಅನ್ನೋ ಕಡೆ ಮೂಲ ಗ್ರೀಕಲ್ಲಿರೋ ಪದಕ್ಕೆ ಬಚ್ಚಿಟ್ಟಳು ಅನ್ನೋ ಅರ್ಥ ಇದೆ. ಕನ್ನಡದವರಿಗೆ ಇದು ಇನ್ನೂ ಸುಲಭ, ಹುದುಗು ಅಂದ್ರೆ ಅಡಗಿರೋದೂ ಹೌದು, ಹಿಟ್ಟು ಹುದುಗು ಬರೋದೂ ಹೌದು. ಅಜ್ಜಿ ಶಾಲೆಗೆ ಹೋದವಳಲ್ಲ, ಗ್ರೀಕ್ ದೂರದ ಮಾತು, ಆದ್ರೆ ಬಟ್ಟೆ ಮುಚ್ಚಿದ ಮೇಲೆ ನಾವು ಪದೇ ಪದೇ ಎತ್ತಿ ನೋಡಿದ್ರೆ ಬೈಯೋಳು. "ಅದರ ಕೆಲಸ ಅದು ಮಾಡ್ಕೊಳ್ಳತ್ತೆ, ನೋಡ್ಬೇಡ್ರೇ, ಅದಕ್ಕೆ ನಾಚಿಕೆ."

ಕೊನೆ ಕಾಲದಲ್ಲಿ ಅವಳಿಗೆ ಯಾರ ಹೆಸರೂ ನೆನಪಿರ್ಲಿಲ್ಲ, ನನ್ನನ್ನ ನನ್ನಮ್ಮ ಅಂದ್ಕೊಳ್ಳೋಳು, ಅಮ್ಮನ್ನ ಯಾರೋ ನರ್ಸ್ ಅಂದ್ಕೊಳ್ಳೋಳು, ಜಪಸರ ಕೈಗೆ ಕೊಟ್ರೆ ಮಣಿ ಎಲ್ಲಿ ಶುರು ಎಲ್ಲಿ ಮುಗಿಯತ್ತೆ ಗೊತ್ತಾಗ್ದೆ ಸುಮ್ಮನೆ ಹಿಡ್ಕೊಂಡಿರೋಳು. ಒಂದಿನ ಅಮ್ಮ ಏನೋ ತೋಚಿ ಹಿಟ್ಟಿನ ಉಂಡೆ ಒಂದನ್ನ ತಟ್ಟೆಯಲ್ಲಿಟ್ಟು ಅವಳ ಮಡಿಲಿಗಿಟ್ಟಳು. ಅಜ್ಜಿ ತುಂಬಾ ಹೊತ್ತು ಅದನ್ನ ನೋಡ್ತಾ ಇದ್ಲು. ಆಮೇಲೆ ಹೆಬ್ಬೆರಳು ಎದ್ದು ಬಂತು, ಒಂದು ಉದ್ದ, ಒಂದು ಅಡ್ಡ. ತುಟಿ ಅಲ್ಲಾಡ್ತು. ಅಮ್ಮ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತ್ಲು, ಅಳೋದು ಕೇಳಬಾರದು ಅಂತ.

ಮಾರ್ತಳ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯೇಸುಸ್ವಾಮಿ ಮನೆಗೆ ಬಂದಾಗ ಸಹೋದರಿ ಮರಿಯ ಪಾದದ ಹತ್ರ ಕೂತು ಕೇಳ್ತಿದ್ರೆ ಉಪಚಾರದ ಕೆಲಸದಲ್ಲಿ ಒದ್ದಾಡಿದವಳು. ವರ್ಷಕ್ಕೊಮ್ಮೆ ಯಾರಾದ್ರೂ ಗುರುಗಳು ನಮಗೆ ಹೇಳೇ ಹೇಳ್ತಾರೆ, ಮಾರ್ತಳ ಹಾಗೆ ಒದ್ದಾಡ್ಬೇಡಿ, ಮರಿಯಳ ಹಾಗೆ ಪಾದದ ಹತ್ರ ಕೂತ್ಕೊಳ್ಳಿ ಅಂತ, ಅದೂ ಒಲೆ ಆರಿಸಿ ಓಡಿ ಬಂದು ಕೂತಿರೋ ಹೆಂಗಸರಿಗೆ. ಒಪ್ತೀನಿ, ಸ್ವಾಮಿಯ ಮಾತು ಅದು. ಆದ್ರೆ ಸಂತ ಯೊವಾನ್ನರ ಶುಭಸಂದೇಶದಲ್ಲಿ, ಸಹೋದರ ಲಾಸರ ಸತ್ತಾಗ ದಾರಿಗೆ ಎದುರು ಹೋಗಿ ನೀವೇ ಕ್ರಿಸ್ತ, ದೇವರ ಪುತ್ರ ಅಂತ ವಿಶ್ವಾಸ ಒಪ್ಕೊಂಡವಳು ಈ ಮಾರ್ತನೇ. ಲಾಸರ ಎದ್ದು ಬಂದ ಮೇಲಿನ ಊಟದಲ್ಲೂ ಬಡಿಸ್ತಾ ಇದ್ದವಳು ಅವಳೇ, ಆಗ ಸ್ವಾಮಿ ಅವಳಿಗೆ ಏನೂ ಅನ್ನಲ್ಲ, ಕೂತು ಊಟ ಮಾಡ್ತಾರೆ. ಜುಲೈ 29ಕ್ಕೆ ಮುಂಚೆ ಅವಳೊಬ್ಬಳದೇ ಸ್ಮರಣೆ ಇತ್ತು, 2021ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಮರಿಯಳನ್ನೂ ಲಾಸರನನ್ನೂ ಸೇರಿಸಿ ಮೂವರದ್ದೂ ಒಟ್ಟಿಗೆ ಮಾಡಿದ್ರು. ಒಳ್ಳೇದಾಯ್ತು, ಮನೆ ಅಂದ್ಮೇಲೆ ಬಡಿಸೋರೂ ಇರ್ಬೇಕು, ಕೇಳೋರೂ ಇರ್ಬೇಕು, ಸುಮ್ಮನೆ ತಿನ್ನೋರೂ ಇರ್ಬೇಕು.

ಹರಕೆ ಮುಗೀತು, ಪಾಸ್ಖ ಅಂದ್ರೆ ಈಸ್ಟರ್ ಹಬ್ಬನೂ ಕಳೀತು. ಶುಕ್ರವಾರದ ಅಭ್ಯಾಸ ಮಾತ್ರ ಬಿಡೋಕೆ ಮನಸ್ಸು ಬರ್ತಿಲ್ಲ, ಇವತ್ತೂ ಕಲಸಿಟ್ಟಿದೀನಿ. ಈ ಸಲ ನೀರಿಗೆ ಬೆರಳು ಅದ್ದಿ ನೋಡ್ದೆ, ಫೋನು ಬೇರೆ ರೂಮಲ್ಲಿತ್ತು, ಹೆಬ್ಬೆರಳಿಂದ ಶಿಲುಬೆ ಎಳೆದು ಬಟ್ಟೆ ಮುಚ್ಚಿ ಇಲ್ಲಿ ಬಂದು ಬರೀತಾ ಕೂತೆ. ಈಗಷ್ಟೇ ಹೋಗಿ ನೋಡ್ಕೊಂಡು ಬಂದೆ (ಅಜ್ಜಿ ಕ್ಷಮಿಸ್ಲಿ). ಬಟ್ಟೆಯ ಒಂದು ಮೂಲೆ ಮಡಚಿದೆ, ಹಿಟ್ಟು ಪಾತ್ರೆಯ ಅಂಚಿಗೆ ಬಂದಿದೆ, ನಾನು ಎಳೆದ ಶಿಲುಬೆ ಉಬ್ಬಿ ಉಬ್ಬಿ ಹೆಚ್ಚುಕಮ್ಮಿ ಮಾಯ, ಅದರ ಪಕ್ಕದಲ್ಲಿ ನಾಲ್ಕು ಪುಟ್ಟ ಪುಟ್ಟ ಬೆರಳಿನ ಗುಳಿ. ಯಾರದ್ದು ಅಂತ ಕೇಳ್ಬೇಕಾಗಿಲ್ಲ. ಗುಳಿ ನಿಧಾನಕ್ಕೆ ಅರ್ಧಕ್ಕೆ ಮೇಲೆ ಬಂದು ನಿಂತಿದೆ, ಅಂದ್ರೆ ಹದ ಬಂದಿದೆ, ಓವನ್ ಇನ್ನೂ ಬಿಸಿಗಿಟ್ಟೇ ಇಲ್ಲ ನಾನು.